ಅಂಟುವಾಳ, ಸಕ್ಕರೆ ಮತ್ತು ಕಿಣ್ವ



ಉಮರಗಾ, ನಿಲಂಗಾ, ಉದಗೀರ ಈ ಮೂರು ತಾಲೂಕುಗಳಲ್ಲಿ ಬಟ್ಟೆ ಒಗೆಯುವ ತಾಯಂದಿರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತಿದೆ. ಮಳೆಯ ನೀರಿನಲ್ಲಿ ಸಾಬೂನು ಬೇಗನೆ ನೊರೆಗೂಡುತ್ತದೆ. ಅದೇ ಸಾಬೂನು ಕೊಳವೆ ಬಾವಿಯ ನೀರಿನಲ್ಲಿ ಒಡೆದ ಹಾಲಿನಂತಾಗಿ, ಬಕೆಟ್ಟಿನ ಅಂಚಿಗೆ ಬೂದು ಬಣ್ಣದ ಜಿಡ್ಡಾಗಿ ಅಂಟಿಕೊಳ್ಳುತ್ತದೆ. ಸಾಬೂನೂ ಹೆಚ್ಚು ಖರ್ಚಾಗುತ್ತದೆ, ಜಿಡ್ಡನ್ನು ತೊಳೆಯಲು ನೀರೂ ಹೆಚ್ಚು ಬೇಕಾಗುತ್ತದೆ. ನೀರಿಗೆ ಬರವಿರುವ ಸೀಮೆಯಲ್ಲಿ ಇದು ಸಣ್ಣ ನಷ್ಟವಲ್ಲ.

ಎಂಟನೆಯ ಇಯತ್ತೆಯ ತಾಸಿನಲ್ಲಿ ಗಡಸು ನೀರಿನ ಪಾಠವನ್ನು ಹೇಳುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು ಕೇಳಿದಳು: “ಗುರುಗಳ, ನಮ್ಮ ಅಜ್ಜಿ ರೇಶಿಮಿ ಸೀರಿ ಅಂಟುವಾಳದ ನೀರಾಗ ತೊಳೀತಾಳ. ಅದಕ್ಕ ಬಾವಿ ನೀರಾದ್ರೂ ನಡೀತದ. ಸಾಬೂನಕ್ಕ ಯಾಕ ನಡಿಯೂದಿಲ್ಲ?”

ಪಠ್ಯಪುಸ್ತಕದಲ್ಲಿ ಈ ಪ್ರಶ್ನೆ ಇರಲಿಲ್ಲ. ಆದರೆ ಇಂದು ಜಗತ್ತಿನ ಪ್ರಯೋಗಶಾಲೆಗಳಲ್ಲಿ ನಡೆದಿರುವ ಒಂದು ದೊಡ್ಡ ಕಾರ್ಯದ ಬೀಜವು ಈ ಪ್ರಶ್ನೆಯಲ್ಲಿಯೇ ಅಡಗಿದೆ. ಆದುದರಿಂದ ಅದಕ್ಕೆ ಸಾವಕಾಶವಾಗಿ ಉತ್ತರ ಕೊಡಬೇಕೆಂದು ಈ ಲೇಖನವನ್ನು ಬರೆದಿದ್ದೇನೆ.

ತೊಳೆಯುವದೆಂದರೇನು?

ಒಂದು ತಟ್ಟೆಯಲ್ಲಿ ನೀರು ತುಂಬಿ ಅದರ ಮೇಲೆ ಮೆಣಸಿನ ಪುಡಿಯನ್ನು ತೆಳುವಾಗಿ ಉದುರಿಸಿರಿ. ಪುಡಿಯು ತೇಲುತ್ತದೆ. ಈಗ ಬೆರಳಿಗೆ ಸ್ವಲ್ಪ ಸಾಬೂನು ಹಚ್ಚಿ ನಡುವೆ ಮುಟ್ಟಿರಿ. ಪುಡಿಯು ಹೆದರಿದ ಕುರಿಹಿಂಡಿನಂತೆ ಅಂಚಿಗೆ ಓಡುತ್ತದೆ. ನೀರಿನ ಅಣುಗಳು ಒಂದನ್ನೊಂದು ಹಿಡಿದೆಳೆಯುವದರಿಂದ ನೀರಿನ ಮೇಲ್ಮೈಯು ಬಿಗಿದ ತೊಗಲಿನಂತೆ ಇರುತ್ತದೆ. ಇದಕ್ಕೆ ಮೇಲ್ಮೈ ಎಳೆತವೆಂದು ಹೆಸರು. ಶುದ್ಧ ನೀರಿನಲ್ಲಿ ಇದರ ಪ್ರಮಾಣವು ಮೀಟರಿಗೆ ಸುಮಾರು 72 ಮಿಲಿನ್ಯೂಟನ್. ಒಳ್ಳೆಯ ಮಾರ್ಜಕವು ಇದನ್ನು ಸುಮಾರು 30ಕ್ಕೆ ಇಳಿಸುತ್ತದೆ. ಆಗ ನೀರು ಬಟ್ಟೆಯ ಎಳೆಗಳೊಳಗೆ ಸುಲಭವಾಗಿ ಇಳಿಯುತ್ತದೆ.

ಮಾರ್ಜಕದ ಅಣುವಿಗೆ ಒಂದು ತಲೆ, ಒಂದು ಬಾಲ ಇರುತ್ತವೆಂದು ತಿಳಿಯಿರಿ. ತಲೆಯು ನೀರನ್ನು ಒಲಿಯುತ್ತದೆ. ಬಾಲವು ಎಣ್ಣೆಯನ್ನು ಒಲಿಯುತ್ತದೆ. ಬಾಲಗಳೆಲ್ಲ ಬಟ್ಟೆಯ ಮೇಲಿನ ಜಿಡ್ಡಿನಲ್ಲಿ ನಾಟಿಕೊಳ್ಳುತ್ತವೆ, ತಲೆಗಳೆಲ್ಲ ನೀರಿನ ಕಡೆಗೆ ಮುಖ ಮಾಡುತ್ತವೆ. ಹೀಗೆ ಸುತ್ತುವರಿಯಲ್ಪಟ್ಟ ಜಿಡ್ಡಿನ ಕಣವು ಬಟ್ಟೆಯನ್ನು ಬಿಟ್ಟು ನೀರಿನೊಡನೆ ಹೊರಟುಹೋಗುತ್ತದೆ. ತೊಳೆಯುವದೆಂದರೆ ಇಷ್ಟೇ.

ಸಾಬೂನಿನ ಬಾಲವು ಎಣ್ಣೆಯಿಂದ ಬಂದ ಕೊಬ್ಬಿನ ಆಮ್ಲವಾಗಿದೆ. ಅದರ ತಲೆಯು ಋಣ ವಿದ್ಯುದಂಶವುಳ್ಳದ್ದು. ನಮ್ಮ ಕರಿಯ ಕಲ್ಲಿನ ಪದರುಗಳೊಳಗಿಂದ ಬರುವ ನೀರಿನಲ್ಲಿ ಕ್ಯಾಲ್ಶಿಯಮ್ ಮತ್ತು ಮ್ಯಾಗ್ನೇಶಿಯಮ್ ಕರಗಿರುತ್ತವೆ. ಅವು ಧನ ವಿದ್ಯುದಂಶವುಳ್ಳವು. ಒಂದೊಂದು ಕ್ಯಾಲ್ಶಿಯಮ್ ಕಣವು ಎರಡೆರಡು ಸಾಬೂನಿನ ತಲೆಗಳನ್ನು ಹಿಡಿದುಬಿಡುತ್ತದೆ. ಹಾಗೆ ಹಿಡಿಯಲ್ಪಟ್ಟ ಸಾಬೂನು ನೀರಿನಲ್ಲಿ ಕರಗಲಾರದು. ಬಕೆಟ್ಟಿನ ಅಂಚಿನ ಬೂದು ಜಿಡ್ಡು ಅದೇ ಆಗಿದೆ.

ಅಂಟುವಾಳದ ಗುಟ್ಟು

ಅಂಟುವಾಳವನ್ನು ನೆರೆಯ ಮರಾಠಿ ಬಂಧುಗಳು ರಿಠಾ ಎನ್ನುತ್ತಾರೆ. ಸಸ್ಯಶಾಸ್ತ್ರಜ್ಞರು ಈ ಗಿಡದ ಕುಲಕ್ಕೆ ಸಪಿಂಡಸ್ ಎಂದು ಹೆಸರಿಟ್ಟಿದ್ದಾರೆ. ಲ್ಯಾಟಿನ್ ಭಾಷೆಯಲ್ಲಿ ಅದರ ಅರ್ಥವು ‘ಭಾರತದ ಸಾಬೂನು’ ಎಂದೇ ಆಗುತ್ತದೆ. ರೇಶಿಮೆ, ಉಣ್ಣೆಗಳನ್ನು ತೊಳೆಯುವವರೂ ಬಂಗಾರ ಬೆಳ್ಳಿಯ ಆಭರಣಗಳಿಗೆ ಹೊಳಪು ಕೊಡುವ ಪತ್ತಾರರೂ ಇದನ್ನು ತಲೆಮಾರುಗಳಿಂದ ಬಳಸುತ್ತ ಬಂದಿದ್ದಾರೆ.

ಅಂಟುವಾಳದ ಸಿಪ್ಪೆಯಲ್ಲಿ ಸಪೋನಿನ್ ಎಂಬ ವಸ್ತುಗಳಿವೆ. ಅವುಗಳ ಬಾಲದ ಸ್ಥಾನದಲ್ಲಿ ಹೆಡೆರಾಜೆನಿನ್ ಎಂಬ ಜಿಡ್ಡಿನ ಸ್ವಭಾವದ ಅಣುವಿದೆ. ಅದಕ್ಕೆ ಸರಪಳಿಯ ಕೊಂಡಿಗಳಂತೆ ಅರಬಿನೋಸ್, ರಾಮ್ನೋಸ್, ಝೈಲೋಸ್ ಎಂಬ ಸಕ್ಕರೆಗಳು ಜೋಡಿಸಿಕೊಂಡಿವೆ. ನೀರನ್ನು ಒಲಿಯುವ ಕೆಲಸವನ್ನು ಮುಖ್ಯವಾಗಿ ಈ ಸಕ್ಕರೆಗಳೇ ಮಾಡುತ್ತವೆ. ಸಕ್ಕರೆಗೆ ನೀರಿನಲ್ಲಿ ಕರಗಲು ವಿದ್ಯುದಂಶದ ಆಸರೆ ಬೇಕಿಲ್ಲ. ಆದುದರಿಂದ ಕ್ಯಾಲ್ಶಿಯಮ್ ಅದನ್ನು ಸಾಬೂನಿನಂತೆ ಸೆರೆಹಿಡಿಯಲಾರದು. ಅಜ್ಜಿಯ ಅಂಟುವಾಳವು ಬಾವಿಯ ನೀರಿನಲ್ಲಿಯೂ ನಡೆಯುವ ಕಾರಣವು ಇದೇ.

ಹಾಗಾದರೆ ಎಲ್ಲರೂ ಅಂಟುವಾಳವನ್ನೇ ಬಳಸಬಾರದೇಕೆ? ಗಿಡವು ಫಲ ಕೊಡಲು ಹಲವು ವರ್ಷ ಬೇಕು. ಇಡೀ ದೇಶದ ಬಟ್ಟೆಗೆ ಸಾಲುವಷ್ಟು ಗಿಡಗಳೂ ಇಲ್ಲ. ಇನ್ನೊಂದು ಮಾತನ್ನೂ ಮರೆಯಬಾರದು. ಸಪೋನಿನ್ ಮೀನುಗಳಿಗೆ ವಿಷವಾಗಿದೆ. ಇಂಥ ಕಾಯಿಗಳನ್ನು ಕುಟ್ಟಿ ಹಳ್ಳದ ಮಡುವಿಗೆ ಹಾಕಿ ಮೀನು ಹಿಡಿಯುವ ರೂಢಿಯು ಹಲವು ದೇಶಗಳಲ್ಲಿ ಇತ್ತು. ನಿಸರ್ಗದಿಂದ ಬಂದುದೆಲ್ಲವೂ ನಿರಪಾಯಕಾರಿ ಎಂದು ತಿಳಿಯುವದು ಸರಿಯಲ್ಲ.

ಸೀಮೆ ಎಣ್ಣೆಯ ಬಾಲ

ಇಪ್ಪತ್ತನೆಯ ಶತಮಾನದಲ್ಲಿ ಮನುಷ್ಯನು ಭೂಮಿಯೊಳಗಿನ ಖನಿಜ ತೈಲದಿಂದ ಮಾರ್ಜಕಗಳನ್ನು ತಯಾರಿಸಲು ಕಲಿತನು. ಅವು ಗಡಸು ನೀರಿನಲ್ಲಿ ಸಾಬೂನಿಗಿಂತ ಚೆನ್ನಾಗಿ ಕೆಲಸ ಮಾಡಿದವು, ಬೆಲೆಯೂ ಅಗ್ಗವಾಯಿತು. ಆದರೆ ಮೊದಲಿನ ಮಾರ್ಜಕಗಳ ಬಾಲವು ಕವಲೊಡೆದಿದ್ದಿತು. ಮಣ್ಣಿನ ಮತ್ತು ನೀರಿನ ಸೂಕ್ಷ್ಮಜೀವಿಗಳು ಅದನ್ನು ಅರಗಿಸಲಾರದೆ ಹೋದವು. 1950ರ ದಶಕದಲ್ಲಿ ಯುರೋಪಿನ ಮತ್ತು ಅಮೇರಿಕೆಯ ನದಿಗಳು ನೊರೆಯಿಂದ ತುಂಬಿದವು. ಪಶ್ಚಿಮ ಜರ್ಮನಿಯು 1961ರಲ್ಲಿ ಇದಕ್ಕಾಗಿ ಕಾಯದೆಯನ್ನೇ ಮಾಡಬೇಕಾಯಿತು. ಅಂದಿನಿಂದ ಕವಲಿಲ್ಲದ ನೇರ ಬಾಲದ ಮಾರ್ಜಕಗಳು ಬಳಕೆಗೆ ಬಂದವು. ಇವನ್ನು ಸೂಕ್ಷ್ಮಜೀವಿಗಳು ಒಡೆಯಬಲ್ಲವು. ಆದರೆ ಅದಕ್ಕೆ ಗಾಳಿ ಬೇಕು, ಕಾಲ ಬೇಕು, ಹೊಲಸು ನೀರನ್ನು ಶುದ್ಧೀಕರಿಸುವ ವ್ಯವಸ್ಥೆ ಬೇಕು. ಅದು ಇಲ್ಲದಿದ್ದರೆ ಏನಾಗುವದೆಂಬುದನ್ನು ಬೆಂಗಳೂರಿನ ಬೆಳ್ಳಂದೂರು ಕೆರೆಯು 2015ರಲ್ಲಿ ಕಣ್ಣಿಗೆ ಕಟ್ಟುವಂತೆ ತೋರಿಸಿತು. ಶುದ್ಧೀಕರಿಸದ ಮೋರಿಯ ನೀರು, ಅದರಲ್ಲಿ ಮನೆಮನೆಯ ಮಾರ್ಜಕ, ಇವು ಸೇರಿ ಕೆರೆಯ ನೊರೆಯು ರಸ್ತೆಯ ಮೇಲೆ ಹಾರಾಡಿತು.

ಅಲ್ಲದೆ ಇಂದಿನ ಒಗೆಯುವ ಪುಡಿಗಳಲ್ಲಿಯ ಮುಖ್ಯ ಮಾರ್ಜಕದ ಬಾಲವು ಸೀಮೆ ಎಣ್ಣೆಯ ಅಂಶದಿಂದ ಬಂದುದು. ಖನಿಜ ತೈಲವು ತೆಗೆದಷ್ಟೂ ತೀರುವ ನಿಧಿ. ಆದಕಾರಣ ವಿಜ್ಞಾನಿಗಳು ಮತ್ತೆ ಅಂಟುವಾಳದ ಮಾರ್ಗವನ್ನೇ ಹಿಡಿದರು. ತಲೆಗೆ ಸಕ್ಕರೆ, ಬಾಲಕ್ಕೆ ಗಿಡದ ಎಣ್ಣೆ. ಎರಡೂ ಹೊಲದಲ್ಲಿ ವರ್ಷವರ್ಷವೂ ಬೆಳೆಯತಕ್ಕವು.

ಕೂಡದ ಎರಡನ್ನು ಕೂಡಿಸುವದು

ಇಲ್ಲಿಯೇ ಕಷ್ಟವಿದೆ. ಸಕ್ಕರೆಯು ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವದಿಲ್ಲ. ಎಣ್ಣೆಯ ಸ್ವಭಾವವು ಇದಕ್ಕೆ ವಿರುದ್ಧ. ಒಂದನ್ನೊಂದು ಮುಟ್ಟದ ಇವುಗಳ ಸೋಯರಿಕೆಯನ್ನು ಕುದುರಿಸುವದು ಹೇಗೆ?

ಜರ್ಮನಿಯ ರಸಾಯನಶಾಸ್ತ್ರಜ್ಞ ಎಮಿಲ್ ಫಿಶರ್ ಇವರು 1893ರಲ್ಲಿ ಆಮ್ಲದ ಸಹಾಯದಿಂದ ಸಕ್ಕರೆಯನ್ನೂ ಮದ್ಯಸಾರವನ್ನೂ ಕೂಡಿಸುವ ರೀತಿಯನ್ನು ಕಂಡುಹಿಡಿದರು. ಅದೇ ರೀತಿಯಲ್ಲಿ ಉದ್ದ ಬಾಲದ ಮದ್ಯಸಾರಗಳನ್ನು ಗ್ಲುಕೋಸಿಗೆ ಕೂಡಿಸಿ ಮಾಡಿದ ಮಾರ್ಜಕಗಳು 1990ರ ದಶಕದಲ್ಲಿ ದೊಡ್ಡ ಕಾರಖಾನೆಗಳಲ್ಲಿ ತಯಾರಾಗತೊಡಗಿದವು. ಇಂದು ಕೆಲವು ಶಾಂಪೂಗಳ ಶೀಶೆಯ ಮೇಲೆ ಡೆಸಿಲ್ ಗ್ಲುಕೋಸೈಡ್, ಕೊಕೊ ಗ್ಲುಕೋಸೈಡ್ ಎಂದು ಬರೆದಿರುವದನ್ನು ನೀವು ಓದಬಹುದು. ಅವು ಇವೇ. ಅವು ಚರ್ಮಕ್ಕೆ ಸೌಮ್ಯ, ಸೂಕ್ಷ್ಮಜೀವಿಗಳಿಗೆ ಸುಲಭದ ಆಹಾರ.

ಆದರೆ ಈ ರೀತಿಗೆ ಆಮ್ಲ ಬೇಕು. 100 ಅಂಶ ಸೆಂಟಿಗ್ರೇಡಿಗೂ ಮೇಲಿನ ಉಷ್ಣತೆ ಬೇಕು. ಅಷ್ಟು ಕಾಯಿಸಿದರೆ ಸಕ್ಕರೆಯು ಕಂದುತ್ತದೆ. ಆಲೆಮನೆಯಲ್ಲಿ ಬೆಲ್ಲದ ಕೊಪ್ಪರಿಗೆಯನ್ನು ನೋಡಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಮತ್ತೊಂದು ತೊಡಕೆಂದರೆ, ಗ್ಲುಕೋಸಿನ ಅಣುವಿನಲ್ಲಿ ಜೋಡಣೆಗೆ ಒದಗುವ ಹೈಡ್ರಾಕ್ಸಿಲ್ ಗುಂಪುಗಳು 5 ಇವೆ, ನಾವು ತಿನ್ನುವ ಸಕ್ಕರೆಯಲ್ಲಿ 8. ಎಣ್ಣೆಯ ಆಮ್ಲವನ್ನು ಕೂಡಿಸಹೋದರೆ ಅದು ಯಾವ ಗುಂಪಿಗೆ, ಎಷ್ಟು ಗುಂಪುಗಳಿಗೆ ಅಂಟಿಕೊಳ್ಳುವದೆಂಬುದಕ್ಕೆ ನಿಯಮವಿಲ್ಲ. ಫಲವಾಗಿ ಬೇಕಾದುದೂ ಬೇಡವಾದುದೂ ಬೆರೆತ ಮಿಶ್ರಣವು ದೊರೆಯುತ್ತದೆ.

ಕಿಣ್ವದ ಕೌಶಲ

ಈಗ ಕಿಣ್ವದ ಮಾತಿಗೆ ಬರೋಣ. ಕಿಣ್ವ ಎಂಬುದು ಹಳೆಯ ಶಬ್ದ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮದ್ಯವನ್ನು ಹುಳಿಯಿಸುವ ಹುದುಗಿಗೆ ಈ ಹೆಸರಿದೆ. ಇಂದು ಜೀವಕೋಶಗಳಲ್ಲಿ ರಸಾಯನಕ್ರಿಯೆಗಳನ್ನು ತ್ವರಿತಗೊಳಿಸುವ ಪ್ರೋಟೀನುಗಳನ್ನು ನಾವು ಕಿಣ್ವಗಳೆನ್ನುತ್ತೇವೆ. ಕಿಣ್ವವು ಮದುವೆ ಮಾಡಿಸುವ ಪುರೋಹಿತನಂತೆ. ಗಂಟು ಹಾಕಿಸಿ ತಾನು ಮುಂದಿನ ಮನೆಗೆ ಹೋಗುತ್ತದೆ, ತಾನು ಮಾತ್ರ ಖರ್ಚಾಗುವದಿಲ್ಲ.

ಒಂದು ತುಣುಕು ಜೋಳದ ರೊಟ್ಟಿಯನ್ನು ಪಲ್ಯವಿಲ್ಲದೆ ಬಾಯಲ್ಲಿ ಹಾಕಿಕೊಂಡು ನುಂಗದೆ ಬಹಳ ಹೊತ್ತು ಅಗಿಯಿರಿ. ಮೆಲ್ಲಗೆ ಸಿಹಿಯಾಗುತ್ತದೆ. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವವು ಜೋಳದ ಪಿಷ್ಟವನ್ನು ಕತ್ತರಿಸಿ ಸಕ್ಕರೆಯನ್ನಾಗಿ ಮಾಡಿತು. ಬೆಂಕಿಯಿಲ್ಲ, ಆಮ್ಲವಿಲ್ಲ, ಮೈಯ ಉಷ್ಣತೆಯಷ್ಟೇ ಸಾಕಾಯಿತು. ಅದರಂತೆ ಎಣ್ಣೆ ಕೊಬ್ಬುಗಳನ್ನು ಕತ್ತರಿಸುವ ಕಿಣ್ವಕ್ಕೆ ಲೈಪೇಸ್ ಎಂದು ಹೆಸರು. ನಮ್ಮ ಹೊಟ್ಟೆಯಲ್ಲಿ ಕುಸುಬಿ ಎಣ್ಣೆಯನ್ನು ಅರಗಿಸುವದು ಅದೇ.

ಕತ್ತರಿಸುವ ಕಿಣ್ವದಿಂದ ಕೂಡಿಸುವದು ಹೇಗೆ ಸಾಧ್ಯ? ಲೈಪೇಸ್ ಎಣ್ಣೆಯನ್ನು ಕತ್ತರಿಸುವಾಗ ನೀರಿನ ಅಣುವನ್ನು ಉಪಯೋಗಿಸುತ್ತದೆ. ಸುತ್ತಲೂ ನೀರು ಧಾರಾಳವಾಗಿದ್ದರೆ ಕತ್ತರಿಸುವ ಕೆಲಸವೇ ನಡೆಯುತ್ತದೆ. ನೀರನ್ನು ತೆಗೆದುಬಿಟ್ಟರೆ ಅದೇ ಕ್ರಿಯೆಯು ಹಿಮ್ಮುಖವಾಗಿ ನಡೆದು, ಆಮ್ಲವೂ ಸಕ್ಕರೆಯೂ ಕೂಡಿಕೊಂಡು ನೀರನ್ನು ಹೊರಬಿಡುತ್ತವೆ. ನೀರಿಲ್ಲದಲ್ಲಿ ಕಿಣ್ವವು ಕೆಲಸ ಮಾಡಲಾರದೆಂದು ಬಹುಕಾಲ ಜನರು ನಂಬಿದ್ದರು. ಅಮೇರಿಕೆಯ ಎಂ.ಐ.ಟಿ. ವಿದ್ಯಾಪೀಠದ ಅಲೆಕ್ಸಾಂಡರ್ ಕ್ಲಿಬಾನೋವ್ ಮತ್ತು ಸಂಗಡಿಗರು 1984ರಲ್ಲಿ ಈ ನಂಬಿಕೆಯನ್ನು ಸುಳ್ಳು ಮಾಡಿದರು. ಹೆಚ್ಚುಕಡಿಮೆ ನೀರೇ ಇಲ್ಲದ ದ್ರಾವಕದಲ್ಲಿ ಲೈಪೇಸ್ ಕೆಲಸ ಮಾಡಿತು. 1986ರಲ್ಲಿ ಅವರು ಲೈಪೇಸಿನಿಂದ ಸಕ್ಕರೆಗಳಿಗೆ ಆಮ್ಲವನ್ನು ಜೋಡಿಸಿದರು. ಗ್ಲುಕೋಸಿನ 5 ಗುಂಪುಗಳಲ್ಲಿ ಕಿಣ್ವವು ಮುಖ್ಯವಾಗಿ ಆರನೆಯ ಇಂಗಾಲದ ಮೇಲಿನ ಗುಂಪನ್ನೇ ಆರಿಸಿಕೊಂಡಿತು. ಬೆಂಕಿಗೂ ಆಮ್ಲಕ್ಕೂ ಇಲ್ಲದ ವಿವೇಕವು ಕಿಣ್ವಕ್ಕಿದೆ!

ಆದರೆ ಅವರು ಬಳಸಿದ ಪಿರಿಡೀನ್ ಎಂಬ ದ್ರಾವಕವು ದುರ್ವಾಸನೆಯುಳ್ಳದ್ದು, ವಿಷಕರವಾದುದು. 1990ರ ಸುಮಾರಿಗೆ ಡೆನ್ಮಾರ್ಕಿನ ವಿಜ್ಞಾನಿಗಳು ಒಂದು ಜಾಣ ಉಪಾಯವನ್ನು ಹೂಡಿದರು. ಗ್ಲುಕೋಸನ್ನು ಮೊದಲು ಈಥೈಲ್ ಗ್ಲುಕೋಸೈಡನ್ನಾಗಿ ಮಾರ್ಪಡಿಸಿ, ಕರಗಿಸಿದ ಕೊಬ್ಬಿನ ಆಮ್ಲದಲ್ಲಿಯೇ ಅದನ್ನು ಬೆರೆಸಿದರು. ಲೈಪೇಸಿನ ಕಣಗಳನ್ನು ಹಾಕಿ, ಹುಟ್ಟುವ ನೀರನ್ನು ನಿರ್ವಾತದಿಂದ ಹೀರಿ ತೆಗೆದರು. ದ್ರಾವಕದ ಅಗತ್ಯವೇ ಉಳಿಯಲಿಲ್ಲ. ಕಿಣ್ವವನ್ನು ಸಣ್ಣ ಮಣಿಗಳಿಗೆ ಅಂಟಿಸಿದರೆ, ಕೆಲಸವಾದ ಮೇಲೆ ಸೋಸಿ ತೆಗೆದು ಮತ್ತೆ ಮತ್ತೆ ಬಳಸಬಹುದು.

ಇಂಥ ಕಾರ್ಯವು ಕನ್ನಡ ನಾಡಿನಲ್ಲಿಯೂ ನಡೆದಿದೆಯೆಂಬುದು ನಮಗೆ ಅಭಿಮಾನದ ಸಂಗತಿ. ಮೈಸೂರಿನಲ್ಲಿ 1950ರಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿ ಎಸ್. ದಿವಾಕರ್ ಮತ್ತು ಅವರ ಸಂಗಡಿಗರು ಲೈಪೇಸ್ ಮತ್ತು ಗ್ಲುಕೋಸಿಡೇಸ್ ಕಿಣ್ವಗಳ ಮೇಲೆ ಅನೇಕ ವರ್ಷ ಸಂಶೋಧನೆ ನಡೆಸಿದರು. 2000ರ ದಶಕದಲ್ಲಿ ಅವರು ಅಮೈಲೋಗ್ಲುಕೋಸಿಡೇಸ್ ಕಿಣ್ವದಿಂದ ಗ್ಲುಕೋಸನ್ನೂ ಆಕ್ಟನಾಲ್ ಎಂಬ 8 ಇಂಗಾಲದ ಮದ್ಯಸಾರವನ್ನೂ ಕೂಡಿಸಿ ಆಕ್ಟೈಲ್ ಗ್ಲುಕೋಸೈಡನ್ನು ತಯಾರಿಸಿದರು. ಪಿಷ್ಟದ ತುದಿಯಿಂದ ಒಂದೊಂದೇ ಗ್ಲುಕೋಸನ್ನು ಕತ್ತರಿಸುವದು ಈ ಕಿಣ್ವದ ಹುಟ್ಟುಗುಣ. ಅದನ್ನೇ ಹಿಮ್ಮುಖವಾಗಿ ನಡೆಸಿ ಮಾರ್ಜಕವನ್ನು ಕಟ್ಟಿದರು. ಜೋಳದ ರೊಟ್ಟಿಯ ಪಾಠದಿಂದ ಈ ಸಂಶೋಧನೆಯು ಬಹಳ ದೂರವಿಲ್ಲ ಎಂಬುದನ್ನು ನೀವೇ ನೋಡಿದಿರಿ.

ಪಾಠದ ಕೊನೆಗೆ ಒಬ್ಬ ಹುಡುಗನು, “ಸಕ್ಕರಿ ಸಾಬೂನು ಅಂದ್ರ ಇರುವಿ ಮುತ್ತೂದಿಲ್ಲೇನ್ರಿ?” ಎಂದು ಕೇಳಿದನು. ವರ್ಗವೆಲ್ಲ ನಕ್ಕಿತು. ಆದರೆ ಪ್ರಶ್ನೆ ನಗತಕ್ಕದ್ದಲ್ಲ. ಉದ್ದ ಬಾಲವನ್ನು ಅಂಟಿಸಿಕೊಂಡ ಮೇಲೆ ಸಕ್ಕರೆಯ ಸಿಹಿಯು ಉಳಿಯುವದಿಲ್ಲ, ಕೆಲವಂತೂ ಕಹಿಯಾಗಿರುತ್ತವೆ. ಕೂಡಿದ ವಸ್ತುವಿನ ಗುಣವು ಬಿಡಿ ವಸ್ತುಗಳ ಗುಣಕ್ಕಿಂತ ಬೇರೆಯೆಂಬ ರಸಾಯನಶಾಸ್ತ್ರದ ಮೊದಲ ಪಾಠವೇ ಇಲ್ಲಿದೆ.

ದುಂಬಿಯ ಜೇನಿನ ಹುದುಗು

ಕಿಣ್ವವನ್ನು ಬೇರ್ಪಡಿಸದೆ ಜೀವಿಯಿಂದಲೇ ಈ ಕೆಲಸವನ್ನು ಮಾಡಿಸುವ ಮಾರ್ಗವೂ ಒಂದಿದೆ. ಕೆಲವು ಹುದುಗು ಜೀವಿಗಳು ಸಕ್ಕರೆಯನ್ನೂ ಎಣ್ಣೆಯನ್ನೂ ತಿಂದು ಸೊಫೊರೋಲಿಪಿಡ್ ಎಂಬ ಮಾರ್ಜಕವನ್ನು ಹೊರಬಿಡುತ್ತವೆಂದು 1961ರಲ್ಲಿ ಕೆನಡಾ ದೇಶದಲ್ಲಿ ತಿಳಿದುಬಂದಿತು. ಇಂದು ಇದಕ್ಕೆ ಹೆಚ್ಚಾಗಿ ಬಳಸುವ ಹುದುಗಾದ ಬಾಂಬಿಕೋಲಾ ದೊರೆತುದು ದುಂಬಿಯ ಜೇನಿನಲ್ಲಿ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಶಾಲೆಯಲ್ಲಿ ಇದರ ಸಂಶೋಧನೆ ನಡೆದಿದೆ. ಗುವಾಹಾಟಿಯ ಐ.ಐ.ಟಿ.ಯಲ್ಲಿ ಶುದ್ಧ ಸಕ್ಕರೆಯ ಬದಲು ಕಬ್ಬಿನ ಕಾಕಂಬಿಯನ್ನೇ ಈ ಹುದುಗಿಗೆ ತಿನ್ನಿಸಿ ಮಾರ್ಜಕವನ್ನು ಪಡೆದಿದ್ದಾರೆ. ಇದೇ ಜಾತಿಯ ರಾಮ್ನೋಲಿಪಿಡ್ ಎಂಬ ಮಾರ್ಜಕಕ್ಕಾಗಿ 2024ರಲ್ಲಿ ಸ್ಲೊವಾಕಿಯಾ ದೇಶದಲ್ಲಿ ದೊಡ್ಡ ಕಾರಖಾನೆಯು ಆರಂಭವಾಗಿದೆ.

ಕಬ್ಬು ಯಾರ ನೀರು ಕುಡಿಯುತ್ತದೆ?

ಪಾಲಕರ ಸಭೆಯೊಂದರಲ್ಲಿ ನಾನು ಈ ಸಂಗತಿಗಳನ್ನು ಉತ್ಸಾಹದಿಂದ ಹೇಳಿದೆನು. ಹಿಂದೆ ಕುಳಿತ ರೈತರೊಬ್ಬರು ಕೇಳಿದರು: “ಮಾಸ್ತರ, ಕಬ್ಬಿಗೇ ನಮ್ಮ ಬೋರು ಬತ್ತ್ಯಾವು. ಇನ್ನ ಸಾಬೂನಕ್ಕೂ ಕಬ್ಬು ಬೆಳಿಬೇಕೇನು?”

ನಾನು ಒಂದು ಗಳಿಗೆ ಸುಮ್ಮನಾದೆನು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಕಬ್ಬಿಗೆ ವರ್ಷಕ್ಕೆ 1500ರಿಂದ 2500 ಮಿಲಿಮೀಟರಿನಷ್ಟು ನೀರು ಬೇಕು. ನಮ್ಮ ಸೀಮೆಯಲ್ಲಿ ಬೀಳುವ ಮಳೆಯು ಸಾಧಾರಣವಾಗಿ ಅದಕ್ಕಿಂತ ಬಹಳ ಕಡಿಮೆ. ಉಳಿದ ನೀರನ್ನು ನೆಲದೊಳಗಿಂದಲೋ ಮಾಂಜರಾ, ತೇರಣಾ ನದಿಗಳ ಕಟ್ಟೆಗಳಿಂದಲೋ ಎಳೆಯಬೇಕು. 2016ರ ಎಪ್ರಿಲ್ ತಿಂಗಳಲ್ಲಿ ಮೀರಜದಿಂದ ಲಾತೂರಿಗೆ ಕುಡಿಯುವ ನೀರನ್ನು ರೇಲ್ವೆ ಗಾಡಿಯಲ್ಲಿ ತರಬೇಕಾಯಿತು. ಮೊದಲನೆಯ ಗಾಡಿಯು ತಂದುದು ಸುಮಾರು 5 ಲಕ್ಷ ಲೀಟರ್. ಅದನ್ನು ಕಂಡ ನಾವು, ಸಕ್ಕರೆಯಿಂದಾದುದೆಂಬ ಒಂದೇ ಕಾರಣಕ್ಕೆ ಒಂದು ವಸ್ತುವನ್ನು ನಿಸರ್ಗಸ್ನೇಹಿ ಎಂದು ಹೊಗಳುವದು ಸಲ್ಲದು.

ಆ ಮಹನೀಯರಿಗೆ ನಾನು ಕೊಟ್ಟ ಉತ್ತರವಿಷ್ಟು. ಮಾರ್ಜಕದ ತಲೆಗೆ ಕಬ್ಬಿನ ಸಕ್ಕರೆಯೇ ಆಗಬೇಕೆಂದಿಲ್ಲ. ಗ್ಲುಕೋಸನ್ನು ಗೋವಿನ ಜೋಳ, ಬಿಳಿ ಜೋಳಗಳ ಪಿಷ್ಟದಿಂದ ಕಿಣ್ವಗಳ ಮೂಲಕವೇ ಪಡೆಯಬಹುದು. ಹಿಂಗಾರಿನ ಬಿಳಿ ಜೋಳವು ಕರಿಯ ಮಣ್ಣಿನ ಹಸಿಯ ಮೇಲೆಯೇ ಬೆಳೆದುಬರುವ ಬೆಳೆ. ಅದರಲ್ಲಿಯೂ ಒಳ್ಳೆಯ ಕಾಳು ಮನುಷ್ಯನ ಹೊಟ್ಟೆಗೆ, ಸೊಪ್ಪೆ ದನಕ್ಕೆ. ಮಳೆಗೆ ಸಿಕ್ಕು ಕಪ್ಪಾದ ಕಾಳು ಮಾತ್ರ ಕಾರಖಾನೆಗೆ ಹೋಗಲಿ. ಈಗಾಗಲೇ ಬೆಳೆದ ಕಬ್ಬಿನಿಂದ ಉಳಿಯುವ ಕಾಕಂಬಿಯಿದೆ. ಅರೆದು ಉಳಿದ ಸಿಪ್ಪೆಯಿಂದಲೂ ಝೈಲೋಸ್ ಸಕ್ಕರೆಯನ್ನು ತೆಗೆಯಬಹುದು. ಹೊಸದಾಗಿ ನೀರು ಬೇಡದ ಸಕ್ಕರೆಯೇ ನಮಗೆ ತಕ್ಕ ಸಕ್ಕರೆ.

ಅವರು ಮತ್ತೆ ಕೇಳಿದರು: “ಅಗ್ಗ ಆಗ್ತದೇನು?” ಈಗಲೇ ಆಗುವದಿಲ್ಲ ಎಂದೆನು. ಕಿಣ್ವದ ಬೆಲೆ ಹೆಚ್ಚು, ಕ್ರಿಯೆಯ ವೇಗ ಕಡಿಮೆ, ನೀರನ್ನು ತೆಗೆಯುತ್ತಲೇ ಇರಬೇಕು. ಖನಿಜ ತೈಲದ ಮಾರ್ಜಕವು ಇನ್ನೂ ಅಗ್ಗವಾಗಿಯೇ ಇದೆ. ಆದರೆ ಕೆಟ್ಟ ಕೆರೆಯ ಬೆಲೆಯನ್ನು ಆ ಪುಡಿಯ ಪೊಟ್ಟಣದ ಮೇಲೆ ಯಾರೂ ಬರೆದಿರುವದಿಲ್ಲ.

ಆದುದರಿಂದ ಮಕ್ಕಳೇ, ಯಾವ ವಸ್ತುವಿನ ಮೇಲೆ ‘ನೈಸರ್ಗಿಕ’ ಎಂದು ಬರೆದಿದ್ದರೂ ನಾಲ್ಕು ಪ್ರಶ್ನೆಗಳನ್ನು ಕೇಳಿರಿ. ಇದು ಯಾವ ಹೊಲದಿಂದ ಬಂದಿತು? ಆ ಹೊಲವು ಎಷ್ಟು ನೀರು ಕುಡಿಯಿತು? ಇದನ್ನು ಎಷ್ಟು ಬೆಂಕಿಯಿಂದ, ಯಾವ ದ್ರಾವಕದಿಂದ ಮಾಡಿದರು? ತೊಳೆದ ನೀರು ಎಲ್ಲಿಗೆ ಹೋಗಿ ಏನಾಗುತ್ತದೆ? ಕಿಣ್ವವು ಮೂರನೆಯ ಪ್ರಶ್ನೆಗೆ ಉತ್ತಮ ಉತ್ತರವನ್ನು ಕೊಟ್ಟಿದೆ. ಸಕ್ಕರೆಯ ತಲೆಯು ನಾಲ್ಕನೆಯದಕ್ಕೆ ಬಹುಮಟ್ಟಿಗೆ ಉತ್ತರ ಕೊಟ್ಟಿದೆ. ಮೊದಲಿನ ಎರಡಕ್ಕೆ ಉತ್ತರವನ್ನು ಪ್ರಯೋಗಶಾಲೆಯು ಕೊಡಲಾರದು. ಅದನ್ನು ಹೊಲದ ಬದುವಿನ ಮೇಲೆ ನಿಂತವರು, ಎಂದರೆ ನಿಮ್ಮ ತಂದೆತಾಯಿಗಳು ಮತ್ತು ಮುಂದೆ ನೀವು, ಕೊಡತಕ್ಕದ್ದು.

ಅಭ್ಯಾಸ

1. ಎರಡು ಶೀಶೆಗಳಲ್ಲಿ ಮಳೆಯ ನೀರನ್ನೂ ಇನ್ನೆರಡರಲ್ಲಿ ಕೊಳವೆ ಬಾವಿಯ ನೀರನ್ನೂ ಸಮನಾಗಿ ತುಂಬಿರಿ. ಒಂದೊಂದು ಜೊತೆಗೆ ಸಾಬೂನಿನ ನೀರು, ಅಂಟುವಾಳದ ನೀರು ಹೀಗೆ 10 ಹನಿ ಹಾಕಿ 20 ಸಾರೆ ಅಲುಗಾಡಿಸಿರಿ. ನೊರೆಯ ಎತ್ತರವನ್ನು ಅಳೆದು ಬರೆಯಿರಿ. ಅಂಟುವಾಳದ ನೀರು ಕಣ್ಣಿಗೆ ತಾಗದಂತೆ ಎಚ್ಚರ ವಹಿಸಿರಿ.

2. ಮನೆಯಲ್ಲಿರುವ ಶಾಂಪೂ, ಪಾತ್ರೆ ತಿಕ್ಕುವ ದ್ರವಗಳ ಶೀಶೆಯ ಮೇಲಿನ ಬರಹವನ್ನು ಓದಿರಿ. ಗ್ಲುಕೋಸೈಡ್ ಎಂಬ ಹೆಸರು ಇದೆಯೋ ನೋಡಿರಿ.

3. ಲೈಪೇಸ್ ಕಿಣ್ವವು ನೀರಿದ್ದಲ್ಲಿ ಕತ್ತರಿಸುತ್ತದೆ, ನೀರಿಲ್ಲದಲ್ಲಿ ಕೂಡಿಸುತ್ತದೆ. ಏಕೆ? ಐದು ವಾಕ್ಯಗಳಲ್ಲಿ ಬರೆಯಿರಿ.

4. ನಿಮ್ಮ ಮನೆಯಲ್ಲಿ ಒಂದು ದಿನ ಬಟ್ಟೆ ಒಗೆಯಲು ಎಷ್ಟು ಕೊಡ ನೀರು ಬೇಕಾಯಿತು? ಒಗೆದ ನೀರು ಎಲ್ಲಿಗೆ ಹರಿಯಿತು? ತಾಯಿಯವರನ್ನು ಕೇಳಿ, ಮೋರಿಯ ಕೊನೆಯ ವರೆಗೆ ನಡೆದು ನೋಡಿ ಬರೆಯಿರಿ.